ಅಪ್‌ಡೇಟ್: ಹುಡುಕುವ ಬಾಕ್ಸ್‌ನೊಳಗೆ ಐಕಾನ್ ಕೂತಿತು

ವೆಬ್ ಪುಟದ ಹುಡುಕುವ ಬಾಕ್ಸ್‌ಗೆ, ಅಂದರೆ ಇನ್‌ಪುಟ್ ಅನ್ನೋ HTML ಟ್ಯಾಗ್‌ಗೆ, ಬಿಫೋರ್ (ಟ್ಯಾಗ್‌ನ ಒಳಗೆ ಮೊದಲಿಗೆ ಏನಾದರೂ ಸೇರಿಸುವ CSS ಸೌಲಭ್ಯ) ಹಾಕಿದರೂ ಫಾಂಟ್ ಆಸಮ್ ಅನ್ನೋ ಐಕಾನ್ ಸಂಗ್ರಹದ ಭೂತಗನ್ನಡಿ ಐಕಾನ್ ಕಾಣ್ತಿಲ್ಲ ಅಂತ ಕೇಳಿದ್ದೆ. ಈಗ ಸರಿಹೋಗಿದೆ, ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಇನ್‌ಪುಟ್ ಟ್ಯಾಗ್ ಒಳಗೆ ಬೇರೇನೂ ಇಡೋಕಾಗಲ್ಲ, ಹಾಗಾಗಿ ಬಿಫೋರ್‌ಗೂ ಅಲ್ಲಿ ಜಾಗವಿಲ್ಲ. ಐಕಾನ್, ಇನ್‌ಪುಟ್ ಎರಡನ್ನೂ ಒಂದು ಸ್ಪ್ಯಾನ್ (ಬೇರೆ ಟ್ಯಾಗ್‌ಗಳನ್ನು ಸುತ್ತುವರಿಯುವ ಟ್ಯಾಗ್) ಒಳಗೆ ಇಟ್ಟೆ. ಸ್ಪ್ಯಾನ್‌ಗೆ ಪೊಸಿಷನ್ ರಿಲೇಟಿವ್, ಐಕಾನ್‌ಗೆ ಆಬ್ಸಲ್ಯೂಟ್ ಕೊಟ್ಟೆ, ಆಗ ಐಕಾನ್ ಸ್ಪ್ಯಾನ್‌ಗೆ ತಕ್ಕಂತೆ ಇನ್‌ಪುಟ್ ಮೇಲೆ ಕೂರುತ್ತೆ. ಅಕ್ಷರ ಐಕಾನ್ ಮೇಲೆ ಬರದಂತೆ ಇನ್‌ಪುಟ್‌ನ ಎಡಕ್ಕೆ 36 ಪಿಕ್ಸೆಲ್ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ). ಐಕಾನ್ ಮೇಲೆ ಕ್ಲಿಕ್ ಮಾಡಿದರೆ ಕರ್ಸರ್ ಬರ್ತಿರಲಿಲ್ಲ. ಐಕಾನ್‌ಗೆ ಪಾಯಿಂಟರ್ ಇವೆಂಟ್ಸ್ ನನ್ (pointer-events: none, ಕ್ಲಿಕ್ ಐಕಾನ್ ದಾಟಿ ಇನ್‌ಪುಟ್‌ಗೇ ಹೋಗುತ್ತೆ) ಅಂತ ಕೊಟ್ಟ ಮೇಲೆ ಬಂತು.

ಪ್ಲೇಸ್‌ಹೋಲ್ಡರ್‌ನಲ್ಲೇ (ಖಾಲಿ ಬಾಕ್ಸ್‌ನಲ್ಲಿ ಕಾಣುವ ಸೂಚನೆ ಪಠ್ಯ) ಐಕಾನ್ ಕೋಡ್ ಬರೆಯುವ ಉಪಾಯ ನನಗೆ ಹಿಡಿಸಲಿಲ್ಲ. ಒಂದಕ್ಷರ ಟೈಪ್ ಮಾಡಿದರೆ ಸಾಕು, ಐಕಾನ್ ಮಾಯ. ಫಾಂಟ್ ಲೋಡ್ ಆಗದಿದ್ದರೆ ಬರೀ ಖಾಲಿ ಚೌಕ.

ಅಂದಹಾಗೆ, ಐಕಾನ್‌ಗೆ ಆರಿಯಾ ಹಿಡನ್ ಟ್ರೂ (aria-hidden="true", ಐಕಾನ್ ಓದಬೇಡ ಅಂತ ಸ್ಕ್ರೀನ್ ರೀಡರ್‌ಗೆ ಹೇಳೋದು) ಹಾಕೋದು ಮರೀಬೇಡಿ. ಪರದೆಯನ್ನು ಓದಿ ಹೇಳುವ ಈ ಸ್ಕ್ರೀನ್ ರೀಡರ್ ಬಳಸುವವರಿಗೆ ಸುಮ್ನೆ ಕಿರಿಕಿರಿ ಯಾಕೆ, ಅಲ್ವಾ?