4 ಟಿಬಿ ಫೈಲ್‌ಗಳ ಬ್ಯಾಕಪ್‌ಗೆ ಆರ್‌ಸಿಂಕ್ ಒಂದೇ ಸಾಕಾ?

ಪ್ರಶ್ನೆ: ಸರ್, ನಮ್ಮ ಲಿನಕ್ಸ್ ಸರ್ವರ್‌ನಲ್ಲಿ 4 ಟಿಬಿಯ ಒಂದು ಡೈರೆಕ್ಟರಿ ಇದೆ. ಹೆಚ್ಚುಕಡಿಮೆ 60 ಲಕ್ಷ ಸಣ್ಣಸಣ್ಣ ಫೈಲ್‌ಗಳು. ದಿನಾ ರಾತ್ರಿ ಆರ್‌ಸಿಂಕ್ ಇನ್ನೊಂದು ಮಷೀನ್‌ಗೆ ಕಾಪಿ ಮಾಡುತ್ತದೆ, ಡಿಲೀಟ್ ಆಪ್ಷನ್ ಹಾಕಿದ್ದೇವೆ. ಹೋದ ವಾರ ಯಾರೋ ಕೈತಪ್ಪಿ ಒಂದು ಫೋಲ್ಡರ್ ಅಳಿಸಿಬಿಟ್ಟರು. ಎರಡು ದಿನ ಬಿಟ್ಟು ಹುಡುಕಿದರೆ ಬ್ಯಾಕಪ್‌ನಲ್ಲೂ ಇಲ್ಲ! ಇನ್ನು ಮೇಲೆ ಟಾರ್ ಮಾಡಿ (ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟಿ) ಇಡೋದಾ, ಬೇರೆ ಟೂಲ್ ಹಾಕೋದಾ?

ಉತ್ತರ: ಓದಿ ಬೇಜಾರಾಯಿತು. ಆದರೆ ಆರ್‌ಸಿಂಕ್ ನೀವು ಹೇಳಿದ ಕೆಲಸವನ್ನೇ ಮಾಡಿದೆ. ಇಲ್ಲಿ ಇಲ್ಲದ್ದನ್ನು ಅಲ್ಲೂ ಅಳಿಸು ಅನ್ನೋದೇ ಆ ಆಪ್ಷನ್, ಅಲ್ವಾ? ನಿಮ್ಮ ಹತ್ತಿರ ಇದ್ದದ್ದು ಬರೀ ಮಿರರ್, ಅಂದರೆ ಈಗಿರುವುದರ ಪಡಿಯಚ್ಚು. ಬ್ಯಾಕಪ್ ಅನ್ನಬೇಕಾದರೆ ನಿನ್ನೆಯದು, ಹೋದ ವಾರದ್ದು, ಹೋದ ತಿಂಗಳದ್ದು ಬೇರೆಬೇರೆಯಾಗಿ ಸಿಗಬೇಕು.

ಟಾರ್ ಬೇಡ. ದಿನಾ 4 ಟಿಬಿ ಪೂರ್ತಿ ಸಾಗಿಸಬೇಕಾಗುತ್ತದೆ. 1 ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ 110 ಎಂಬಿ ಸಿಕ್ಕರೂ ಹತ್ತು ಗಂಟೆ ಹಿಡಿಯುತ್ತದೆ. ಕಂಪ್ರೆಸ್ ಮಾಡಿದ್ದರೆ ಒಂದೇ ಫೈಲ್ ಬೇಕೆಂದರೂ ಮೊದಲಿಂದ ಬಿಚ್ಚುತ್ತಾ ಹೋಗಬೇಕು.

ನನ್ನನ್ನು ಕೇಳಿದರೆ ರೆಸ್ಟಿಕ್ ಇಲ್ಲವೇ ಬೋರ್ಗ್ ಅನ್ನೋ ಬ್ಯಾಕಪ್ ಟೂಲ್ ಹಾಕಿ. ಎರಡೂ ಫೈಲನ್ನು ತುಂಡು ಮಾಡಿ, ಒಂದೇ ತರದ ತುಂಡನ್ನು ಒಂದೇ ಸಲ ಇಡುತ್ತವೆ. ಮೊದಲ ಸಲ ಮಾತ್ರ ಹೊತ್ತು ಹಿಡಿಯುತ್ತದೆ, ಆಮೇಲೆ ಹೊಸದಾಗಿ ಬಂದದ್ದು, ಬದಲಾದದ್ದು ಅಷ್ಟೇ ಹೋಗುತ್ತದೆ. ಆದರೂ ಪ್ರತಿ ರಾತ್ರಿಯ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿಯ ಪ್ರತಿ) ತೆರೆದರೆ ಇಡೀ ಡೈರೆಕ್ಟರಿ ಕಾಣುತ್ತದೆ. ದಿನದ್ದು 7, ವಾರದ್ದು 4, ತಿಂಗಳದ್ದು 12 ಉಳಿಸಿಕೊಳ್ಳಿ.

ಒಂದು ಮಾತು. 60 ಲಕ್ಷ ಫೈಲ್ ಅಂದರೆ ಯಾವುದು ಬದಲಾಗಿದೆ ಅಂತ ಒಂದೊಂದನ್ನೂ ಮುಟ್ಟಿ ನೋಡಬೇಕು. ಹಾರ್ಡ್ ಡಿಸ್ಕ್‌ನಲ್ಲಿ ಇದಕ್ಕೇ ಜಾಸ್ತಿ ಹೊತ್ತು ಬೇಕು. ಎರಡೂ ಕಡೆ ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್ ಇದ್ದರೆ ಈ ತಾಪತ್ರಯವೇ ಇಲ್ಲ. ಎರಡು ಸ್ನ್ಯಾಪ್‌ಶಾಟ್‌ಗಳ ನಡುವೆ ಬದಲಾದ ಬ್ಲಾಕ್‌ಗಳನ್ನಷ್ಟೇ ಅದು ಕಳಿಸುತ್ತದೆ.

ಪ್ರಶ್ನೆ: ಬೋರ್ಗ್ ಹಾಕುತ್ತೇನೆ ಸರ್. ಅದೇ ಡೈರೆಕ್ಟರಿಯಲ್ಲಿ ಡೇಟಾಬೇಸ್ ಕೂಡ ಇದೆ, ಪರವಾಗಿಲ್ವಾ? ಸರ್ವರ್‌ಗೆ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ?

ಉತ್ತರ: ಓಡುತ್ತಿರುವ ಡೇಟಾಬೇಸ್‌ನ ಫೈಲ್‌ಗಳನ್ನು ಸುಮ್ನೆ ಕಾಪಿ ಮಾಡಬೇಡಿ. ಅರ್ಧ ಹಳೆಯದು, ಅರ್ಧ ಹೊಸದು ಬಂದು ಕೊನೆಗೆ ತೆರೆಯದೇ ಹೋಗಬಹುದು. ಮೊದಲು ಡಂಪ್ ತೆಗೆಯಿರಿ (ಡೇಟಾಬೇಸ್‌ನ ಟೂಲ್‌ನಿಂದಲೇ ಡೇಟಾವನ್ನು ಫೈಲಿಗೆ ಬರೆಸಿ), ಆ ಡಂಪನ್ನು ಬ್ಯಾಕಪ್‌ಗೆ ಸೇರಿಸಿ.

ರ‍್ಯಾನ್ಸಮ್‌ವೇರ್ ವಿಷಯಕ್ಕೆ, ಬ್ಯಾಕಪ್ ಮಷೀನ್ ಕಡೆ ಅಪೆಂಡ್ ಓನ್ಲಿ ಹಾಕಿ. ಆಗ ಸರ್ವರ್ ಹೊಸದನ್ನು ಸೇರಿಸಬಹುದು, ಹಳೆಯದನ್ನು ಪೂರ್ತಿ ಅಳಿಸಲಾಗದು. ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ಬ್ಯಾಕಪ್ ತೆರೆಯುವ ಕೀ ಮತ್ತು ಪಾಸ್‌ಫ್ರೇಸನ್ನು ಅದೇ ಸರ್ವರ್‌ನಲ್ಲಿ ಮಾತ್ರ ಇಟ್ಟಿರಬೇಡಿ ದಯವಿಟ್ಟು. ಸರ್ವರ್ ಜೊತೆ ಅವೂ ಹೋದರೆ ಬ್ಯಾಕಪ್ ಇದ್ದೂ ತೆರೆಯಲಾಗದು.

ಮೊದಲ ಬ್ಯಾಕಪ್ ಮುಗಿದ ಕೂಡಲೇ 20 ಫೈಲ್ ಆರಿಸಿ, ಖಾಲಿ ಫೋಲ್ಡರ್‌ಗೆ ರಿಸ್ಟೋರ್ ಮಾಡಿ, ಚೆಕ್‌ಸಮ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು) ಹೋಲಿಸಿ ನೋಡಿ.

ಪ್ರಶ್ನೆ: ಮಾಡಿದೆ ಸರ್. 20 ಫೈಲ್‌ಗಳ ಚೆಕ್‌ಸಮ್ಮೂ ಸರಿ ಬಂತು. ಆದರೆ ಎಲ್ಲದರ ಓನರ್ ನನ್ನ ಹೆಸರೇ ಆಗಿದೆ.

ಉತ್ತರ: ನಿಮ್ಮ ಯೂಸರ್‌ನಲ್ಲೇ ರಿಸ್ಟೋರ್ ಮಾಡಿದ್ದೀರಿ ಅನಿಸುತ್ತದೆ. ಬೇರೆಯವರ ಹೆಸರಿಗೆ ಫೈಲ್ ಬರೆಯಲು ರೂಟ್ (ಪೂರ್ತಿ ಅಧಿಕಾರವಿರುವ ಯೂಸರ್) ಬೇಕು. ರೂಟ್ ಆಗಿ ಇನ್ನೊಮ್ಮೆ ಮಾಡಿ, ಓನರ್ ಮತ್ತು ಪರ್ಮಿಷನ್ ಎರಡನ್ನೂ ನೋಡಿ ತಿಳಿಸಿ.