ಛತ್ರಿ ಕೆಳಗಿನ ಆ ಮುತ್ತು ಬೇಕಿತ್ತಾ? ‘ಲಿಟಲ್ ವಿಮೆನ್’ ಸಿನಿಮಾದ ಕೊನೆಯ ಬಗ್ಗೆ

ಸುಮನಾ
ನಿನ್ನೆ ರಾತ್ರಿ ಗ್ರೇಟಾ ಗರ್ವಿಗ್ ನಿರ್ದೇಶನದ ‘ಲಿಟಲ್ ವಿಮೆನ್’ (2019) ಇನ್ನೊಮ್ಮೆ ನೋಡಿದೆ. ಲೂಯಿಸಾ ಮೇ ಆಲ್ಕಾಟ್ ಅವರ ಇದೇ ಹೆಸರಿನ ಕಾದಂಬರಿ ಆಧರಿಸಿದ ಸಿನಿಮಾ. ನೋಡದವರಿಗೆ ಎರಡು ಮಾತಲ್ಲಿ ಕಥೆ: ಅಮೆರಿಕದ ಅಂತರ್ಯುದ್ಧದ ಕಾಲ. ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರು. ಮಾರ್ಚ್ ಮನೆಯ ನಾಲ್ವರು ಅಕ್ಕತಂಗಿಯರು. ಎರಡನೆಯವಳು ಜೋ, ಕಥೆ ಬರೆದು ಸಂಪಾದಿಸಿ ತನ್ನ ಕಾಲ ಮೇಲೆ ನಿಲ್ಲುತ್ತೇನೆ, ಮದುವೆ ಬೇಡ ಅನ್ನುವವಳು. ಜೀವಕ್ಕೆ ಜೀವವಾಗಿದ್ದ ಗೆಳೆಯ ಲಾರಿ ಬೇಡಿಕೊಂಡರೂ ಒಪ್ಪುವುದಿಲ್ಲ. ಅಂಥವಳು ಕೊನೆಗೆ ಮಳೆಯಲ್ಲಿ ಓಡಿಹೋಗಿ ಛತ್ರಿ ಕೆಳಗೆ ಪ್ರೊಫೆಸರ್ ಬೇರ್‌ಗೆ ಮುತ್ತು ಕೊಡುತ್ತಾಳೆ. ನನಗೆ ತುಂಬಾ ಬೇಜಾರಾಯ್ತು. ಇಡೀ ಸಿನಿಮಾ ಕಟ್ಟಿದ್ದನ್ನು ಕೊನೆಯ ಹತ್ತು ನಿಮಿಷದಲ್ಲಿ ಕೆಡವಿದ ಹಾಗೆ. ನಿಮಗೆ ಹಾಗನ್ನಿಸಲಿಲ್ವಾ?

ಗಿರೀಶ
ಸುಮನಾ ಅವರೇ, ಆ ಮುತ್ತು ಜೋ ಬದುಕಲ್ಲಿ ನಡೆದದ್ದು ಅಂತ ಯಾಕೆ ಅಂದುಕೊಂಡಿರಿ? ಆ ಜಾಗವನ್ನು ಇನ್ನೊಮ್ಮೆ ನೋಡಿ. ಜೋ ಅವನ ಹಿಂದೆ ಹೊರಡುತ್ತಾಳೆ. ತಕ್ಷಣ ದೃಶ್ಯ ಪ್ರಕಾಶಕ ಡ್ಯಾಶ್‌ವುಡ್ ಕಚೇರಿಗೆ ಜಿಗಿಯುತ್ತದೆ. ನಾಯಕಿ ಮದುವೆಯಾಗದೆ ಉಳಿದರೆ ಈ ಪುಸ್ತಕ ಯಾರೂ ಕೊಳ್ಳಲ್ಲ ಅಂತ ಅವನ ಹಟ. ಜೋ ಸ್ವಲ್ಪ ಹೊತ್ತು ವಾದ ಮಾಡಿ ಒಪ್ಪುತ್ತಾಳೆ. ಛತ್ರಿ, ಮಳೆ, ಮುತ್ತು ಎಲ್ಲ ಬರುವುದು ಅದಾದ ಮೇಲೆ! ಆ ಅಧ್ಯಾಯಕ್ಕೆ ಹೆಸರೇನು ಅಂತ ಅವನು ಕೇಳಿದಾಗ ‘ಛತ್ರಿಯ ಕೆಳಗೆ’ ಅನ್ನುತ್ತಾಳೆ. ಕಾದಂಬರಿಯಲ್ಲೂ ಆ ಅಧ್ಯಾಯದ ಹೆಸರು ಅದೇ. ಅಂದರೆ ಮದುವೆಯಾದದ್ದು ಜೋ ಬರೆದ ಪುಸ್ತಕದ ನಾಯಕಿಗೆ.

ಸುಮನಾ
ಅದು ಗೊತ್ತು ಗಿರೀಶ್. ಆದರೆ ಆಮೇಲೆ ಶಾಲೆಯ ದೃಶ್ಯ ಇದೆಯಲ್ಲ? ಅತ್ತೆ ಬಿಟ್ಟುಹೋದ ದೊಡ್ಡ ಮನೆ, ತುಂಬಾ ಮಕ್ಕಳು, ಬೇರ್ ಅಲ್ಲಿ ಪಾಠ ಮಾಡುತ್ತಿದ್ದಾನೆ. ಅದೂ ಪುಸ್ತಕದ್ದೇ ಅಂತೀರಾ?

ಪ್ರತಿಭಾ
ಬಣ್ಣ ನೋಡಿ ಸುಮನಾ. ಸಿನಿಮಾ ಪೂರ್ತಿ ಎರಡು ಕಾಲ ಹೆಣೆದುಕೊಂಡು ಹೋಗುತ್ತದೆ. ಬಾಲ್ಯದ ದಿನಗಳೆಲ್ಲ ಬೆಚ್ಚಗೆ, ದೀಪದ ಬೆಳಕಿನ ಹಳದಿ. ಏಳು ವರ್ಷ ಆದಮೇಲಿನ ದಿನಗಳು ತಣ್ಣಗೆ, ನೀಲಿ ಬೂದು. ತಂಗಿ ಬೆತ್ ಕಾಯಿಲೆ ಬಿದ್ದಾಗ ಎರಡು ಸಲ ಜೋ ಮೆಟ್ಟಿಲಿಳಿದು ಅಡುಗೆಮನೆಗೆ ಬರುತ್ತಾಳೆ. ಒಮ್ಮೆ ಹಳದಿ ಬೆಳಕಲ್ಲಿ, ಬೆತ್ ಮೇಜಿನ ಹತ್ತಿರ ಕೂತಿದ್ದಾಳೆ. ಇನ್ನೊಮ್ಮೆ ಬೂದು ಬೆಳಕಲ್ಲಿ, ಅಮ್ಮ ಒಬ್ಬಳೇ. ಒಂದು ಮಾತಿಲ್ಲದೆ ನಮಗೆ ಎಲ್ಲ ಗೊತ್ತಾಗಿಬಿಡುತ್ತದೆ. ನಾನು ಅಲ್ಲಿ ತಡೆಯಲಾರದೆ ಅತ್ತಿದ್ದೇನೆ. ಶಾಲೆಯ ದೃಶ್ಯ ನಡೆಯುವುದು ದೊಡ್ಡವರಾದ ಮೇಲೆ. ಆದರೆ ಬೆಳಕು ಮಾತ್ರ ಬಾಲ್ಯದ ಹಳದಿ! ಸುಮ್ನೆ ಹಾಗೆ ಮಾಡಿರಲ್ಲ. ಅದು ಪುಸ್ತಕದ ಒಳಗಿನ ಬೆಳಕು ಅನ್ನೋದು ನನ್ನ ನಂಬಿಕೆ.

ರಾಘವ
ನಿಮ್ಮ ವಾದ ಚೆನ್ನಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ಎರಡೂ ಬೇಕು ಅಂತ ನಿರ್ದೇಶಕಿ ಆಸೆಪಟ್ಟಿದ್ದಾರೆ. ಮದುವೆ ಬೇಕು ಅನ್ನುವವರಿಗೆ ಮದುವೆ, ಬೇಡ ಅನ್ನುವವರಿಗೆ ಪುಸ್ತಕ. ಇಲ್ಲದಿದ್ದರೆ ಬೇರ್ ಪಾತ್ರಕ್ಕೆ ಲೂಯಿ ಗಾರೆಲ್ ಥರದ ಚೆಂದದ ನಟ ಯಾಕೆ? ಕಾದಂಬರಿಯಲ್ಲಿ ಬೇರ್ ನಡುವಯಸ್ಸಿನ, ದಪ್ಪ ಮೈಯ ಜರ್ಮನ್ ಮೇಷ್ಟ್ರು. ಆಲ್ಕಾಟ್ ಬೇಕು ಅಂತಲೇ ಹಾಗೆ ಬರೆದರು.

ಇನ್ನೊಂದು ಆಕ್ಷೇಪ. ಎಲ್ಲರೂ ಮೆಚ್ಚುವ ಮಾತು ಇದೆಯಲ್ಲ, ಜೋ ತಂಗಿ ಏಮಿ ಪ್ಯಾರಿಸ್‌ನಲ್ಲಿ ಲಾರಿಗೆ ಹೇಳುವುದು? ಹೆಣ್ಣಿಗೆ ಸ್ವಂತ ದುಡ್ಡಿಲ್ಲ, ಇದ್ದರೂ ಮದುವೆಯಾದ ಕ್ಷಣ ಗಂಡನದಾಗುತ್ತದೆ, ಅದಕ್ಕೇ ಮದುವೆ ಅಂದರೆ ಹಣಕಾಸಿನ ವಿಷಯ ಅನ್ನುತ್ತಾಳೆ. ಆದರೆ ಮ್ಯಾಸಚೂಸೆಟ್ಸ್‌ನಲ್ಲಿ 1855ರಲ್ಲೇ ಕಾನೂನು ಬದಲಾಗಿತ್ತು. ಮದುವೆಯಾದ ಹೆಂಗಸು ಆಸ್ತಿ ಇಟ್ಟುಕೊಳ್ಳಬಹುದಿತ್ತು, ತನ್ನ ಸಂಪಾದನೆಯೂ ತನ್ನದೇ. ಏಮಿ ಈ ಮಾತು ಆಡುವಾಗ ಯುದ್ಧ ಮುಗಿದೇ ಮೂರ್ನಾಲ್ಕು ವರ್ಷ ಆಗಿದೆ. ಚಪ್ಪಾಳೆ ಬೀಳಲಿ ಅಂತ ಇತಿಹಾಸ ತಿರುಚಬಾರದು.

ಶ್ಯಾಮಲಾ
ರಾಘವ ಸರ್, 1855ರ ಕಾನೂನು ನಿಜ. ಆದರೆ ಏಮಿ ಆ ಹೊತ್ತಿಗೆ ಯಾರನ್ನು ಮದುವೆಯಾಗೋ ಯೋಚನೆಯಲ್ಲಿದ್ದಳು? ಫ್ರೆಡ್ ವಾನ್. ಇಂಗ್ಲೆಂಡಿನ ಶ್ರೀಮಂತ. ಇಂಗ್ಲೆಂಡಿನಲ್ಲಿ ಹೆಂಡತಿಯ ಸಂಪಾದನೆ ಅವಳದೇ ಅಂತ ಕಾನೂನು ಬಂದದ್ದು 1870ರಲ್ಲಿ, ಆಸ್ತಿಯ ಪೂರ್ತಿ ಹಕ್ಕು ಬಂದದ್ದು 1882ರಲ್ಲಿ. ಅವನನ್ನು ಕಟ್ಟಿಕೊಂಡು ಅಲ್ಲಿಗೆ ಹೋಗುವವಳ ಬಾಯಲ್ಲಿ ಆ ಮಾತು ಸರಿಯಾಗಿಯೇ ಇದೆ.

ಇನ್ನು ಕಾಂಕರ್ಡ್‌ನಲ್ಲಿ ಕಾನೂನು ಇತ್ತು ಅಂತಲೇ ಇಟ್ಟುಕೊಳ್ಳಿ. ‘ನಿನ್ನ ಸಂಪಾದನೆ ನಿನ್ನದು’ ಅಂದರೆ ಸಂಪಾದಿಸಲು ಕೆಲಸ ಬೇಕಲ್ಲ? ಜೋಗೆ ಇದ್ದ ದಾರಿಗಳು ನೋಡಿ: ಪಾಠ ಹೇಳುವುದು, ಹೊಲಿಗೆ, ಅತ್ತೆಯ ಜೊತೆಗೆ ಕೂತು ಓದಿ ಹೇಳುವುದು, ಪತ್ರಿಕೆಗೆ ಕೊಲೆ ರಕ್ತದ ಕಥೆ ಬರೆಯುವುದು. ಮೊದಲ ದೃಶ್ಯದಲ್ಲಿ ಇಂಥ ಕಥೆಗೆ 25ರಿಂದ 30 ಡಾಲರ್ ಕೊಡುತ್ತೇವೆ ಅಂದವನು ಅವಳ ಕೈಗೆ ಇಡುವುದು 20. ಅವಳು ತನ್ನ ಹೆಸರು ಹೇಳದೆ ಗೆಳತಿಯ ಕಥೆ ಅಂತ ಕೊಡುತ್ತಾಳೆ. ಆ ದುಡ್ಡು ಹಿಡಿದು ಬೀದಿಯಲ್ಲಿ ಓಡುವ ಓಟ ನನಗೆ ಮರೆಯೋಕೇ ಆಗಲ್ಲ.

ಮಾರ್ಚ್ ಅತ್ತೆ ಇದನ್ನು ನೇರವಾಗಿ ಹೇಳಿಬಿಡುತ್ತಾಳೆ. ಹೆಣ್ಣು ಒಳ್ಳೆಯ ಕಡೆ ಮದುವೆಯಾಗಬೇಕು ಅನ್ನುತ್ತಾಳೆ. ನೀವೇ ಮದುವೆಯಾಗಿಲ್ಲವಲ್ಲ ಅಂದರೆ, ನಾನು ಶ್ರೀಮಂತೆ ಅನ್ನುತ್ತಾಳೆ. ಅಷ್ಟೇ ವ್ಯತ್ಯಾಸ.

ರಾಘವ
ಫ್ರೆಡ್ ಇಂಗ್ಲೆಂಡಿನವನು ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಬೇರ್ ಬಗ್ಗೆ ಹೇಳಿದ್ದು ಮಾತ್ರ ಹಾಗೇ ಇರಲಿ.

ಮೋಹನ
ಎಲ್ಲರೂ ಛತ್ರಿಯ ಬಗ್ಗೆಯೇ ಮಾತಾಡುತ್ತಿದ್ದೀರಿ. ನನಗೆ ಸಿನಿಮಾದ ಕೊನೆ ಅಂದರೆ ಅಚ್ಚುಕೂಟ. ನಮ್ಮ ತಂದೆ ಮೂವತ್ತು ವರ್ಷ ಬೈಂಡಿಂಗ್ ಕೆಲಸ ಮಾಡಿದವರು. ಅದಕ್ಕೇ ಇರಬೇಕು, ಆ ಭಾಗ ಬಂದಾಗ ಎದ್ದು ಕೂತೆ. ಅಚ್ಚಿನ ಮೊಳೆ ಜೋಡಿಸುತ್ತಾರೆ, ಹಾಳೆ ಅಚ್ಚಾಗುತ್ತದೆ, ಅದನ್ನು ಮಡಚುತ್ತಾರೆ, ಬೆನ್ನಿಗೆ ದಾರ ಹಾಕಿ ಹೊಲಿಯುತ್ತಾರೆ, ಅಂಚು ಕತ್ತರಿಸುತ್ತಾರೆ. ಆಮೇಲೆ ಕೆಂಪು ರಟ್ಟಿನ ಮೇಲೆ ಬಂಗಾರದ ಹಾಳೆ ಇಟ್ಟು ಒತ್ತಿ, ಉಳಿದದ್ದನ್ನು ಒರೆಸಿ ತೆಗೆದಾಗ ಅಕ್ಷರ ಹೊಳೆಯುತ್ತದೆ. ಆತುರವೇ ಇಲ್ಲ ಆ ದೃಶ್ಯದಲ್ಲಿ. ಜೋ ಗಾಜಿನ ಆಚೆ ನಿಂತು ನೋಡುತ್ತಿದ್ದಾಳೆ, ಒಬ್ಬಳೇ. ಹೆರಿಗೆ ಕೋಣೆಯ ಹೊರಗೆ ಕಾಯುವವರ ಮುಖ ಹಾಗಿರುತ್ತದೆ. ಪುಸ್ತಕ ಕೈಗೆ ಬಂದಾಗ ಎದೆಗೆ ಅವುಚಿಕೊಳ್ಳುತ್ತಾಳೆ. ಸಿನಿಮಾ ನಿಲ್ಲುವುದು ಅಲ್ಲಿ. ಬೇರ್ ಮುಖದ ಮೇಲಲ್ಲ.

ಶ್ಯಾಮಲಾ
ಮೋಹನ್, ಅದೇ ಮಾತು! ಇದು ಮದುವೆ ಬೇಡ ಅನ್ನುವ ಹುಡುಗಿಯ ಕಥೆ ಅಂತ ನೋಡಿದರೆ ಕೊನೆ ಎಡವಿದ ಹಾಗೆ ಕಾಣುತ್ತದೆ. ತಾನು ಮಾಡಿದ್ದು ತನ್ನದಾಗಿಯೇ ಉಳಿಯಬೇಕು ಅನ್ನುವ ಹುಡುಗಿಯ ಕಥೆ ಅಂತ ನೋಡಿ. ಆಗ ಅತಿ ಮುಖ್ಯ ದೃಶ್ಯ ಡ್ಯಾಶ್‌ವುಡ್ ಮೇಜಿನದು. ಅವನು ಲಾಭದಲ್ಲಿ ಶೇ. 5 ಅನ್ನುತ್ತಾನೆ. ಇವಳು 10 ಕೇಳುತ್ತಾಳೆ. ನಾಯಕಿಯನ್ನು ದುಡ್ಡಿಗಾಗಿ ಮದುವೆಗೆ ಮಾರುವುದಾದರೆ ಅದರಲ್ಲಿ ನನಗೂ ಪಾಲು ಬರಲಿ ಅಂತ ಹಿಡಿದು ಕೂತು 6.6ಕ್ಕೆ ತರುತ್ತಾಳೆ. ಹಕ್ಕುಸ್ವಾಮ್ಯಕ್ಕೆ 500 ಡಾಲರ್ ಕೊಡುತ್ತೇನೆ ಅಂದರೆ ಬೇಡ ಅನ್ನುತ್ತಾಳೆ. ಕಥೆ 20ಕ್ಕೆ ಕೊಟ್ಟು ಓಡಿದ ಹುಡುಗಿ ಇವಳೇ!

ಆಲ್ಕಾಟ್ ಬದುಕಲ್ಲೂ ಹಾಗೇ ಆಯಿತು. 1868ರಲ್ಲಿ ಮೊದಲ ಭಾಗ ಬಂದಾಗ ಹಕ್ಕುಸ್ವಾಮ್ಯ ತಾವೇ ಇಟ್ಟುಕೊಂಡರು. ಅದೇ ತಮ್ಮ ಸಿರಿಗೆ ಕಾರಣ ಅಂತ ಮುಂದೆ ಬರೆದುಕೊಂಡಿದ್ದಾರೆ. ಸಾಲದಲ್ಲಿ ಮುಳುಗಿದ್ದ ಇಡೀ ಕುಟುಂಬವನ್ನು ಸಾಕಿದರು. ಮದುವೆಯಾಗಲೇ ಇಲ್ಲ. ಜೋ ಕೂಡ ಬರೆದುಕೊಂಡು ಒಬ್ಬಳೇ ಇರಬೇಕಿತ್ತು, ಓದುಗ ಹುಡುಗಿಯರ ಒತ್ತಾಯಕ್ಕೆ ಮದುವೆ ಮಾಡಿಸಬೇಕಾಯಿತು ಅಂತ 1869ರ ಒಂದು ಪತ್ರದಲ್ಲಿ ಅವರೇ ಹೇಳಿದ್ದಾರೆ. ಗರ್ವಿಗ್ ಆ ಬರಹಗಾರ್ತಿಗೆ ಒಂದೂವರೆ ಶತಮಾನ ಕಳೆದ ಮೇಲೆ ಅವರು ಬಯಸಿದ್ದ ಕೊನೆಯನ್ನು ವಾಪಸ್ ಕೊಟ್ಟಿದ್ದಾರೆ.

ಪ್ರತಿಭಾ
ಇದಕ್ಕೆ ಒಂದು ಸೇರಿಸುತ್ತೇನೆ. ಮ್ಯಾಸಚೂಸೆಟ್ಸ್‌ನಲ್ಲಿ 1879ರಲ್ಲಿ ಶಾಲಾ ಸಮಿತಿ ಚುನಾವಣೆಗೆ ಮಾತ್ರ ಹೆಂಗಸರು ಮತ ಹಾಕಬಹುದು ಅಂತಾಯಿತು. ಕಾಂಕರ್ಡ್‌ನಲ್ಲಿ ಮೊದಲು ಹೆಸರು ಬರೆಸಿದವರು ಆಲ್ಕಾಟ್. 1880ರ ಮಾರ್ಚ್‌ನಲ್ಲಿ ಮತ ಹಾಕಲು ಹೋದವರು ಅವರೂ ಸೇರಿ 20 ಹೆಂಗಸರು. ದೇಶದ ಹೆಂಗಸರಿಗೆ ಪೂರ್ತಿ ಮತದ ಹಕ್ಕು ಸಿಕ್ಕಿದ್ದು 1920ರಲ್ಲಿ. ಅವರು ತೀರಿಕೊಂಡು 32 ವರ್ಷ ಆಗಿತ್ತು.

ಸುಮನಾ
ನೀವೆಲ್ಲ ಹೇಳಿದ ಮೇಲೆ ಅಷ್ಟು ಭಾಗ ಇನ್ನೊಮ್ಮೆ ಹಾಕಿ ನೋಡಿದೆ. ಪ್ರತಿಭಾ ಹೇಳಿದ ಹಳದಿ ಬೆಳಕು ನಿಜ. ಮೋಹನ್ ಹೇಳಿದ ಗಾಜಿನ ಆಚೆಯ ಮುಖವೂ ನಿಜ. ಆದರೂ ಒಂದು ಮುಳ್ಳು ಉಳಿದಿದೆ.

ಬೆತ್ ಹೋದ ಮೇಲೆ ಅಟ್ಟದ ಮೇಲೆ ಜೋ ಅಮ್ಮನ ಹತ್ತಿರ ಮಾತಾಡುತ್ತಾಳಲ್ಲ? ಹೆಂಗಸರಿಗೂ ಬುದ್ಧಿ ಇದೆ, ಪ್ರತಿಭೆ ಇದೆ, ಪ್ರೀತಿಸೋದೊಂದೇ ನಮ್ಮ ಕೆಲಸ ಅನ್ನೋದನ್ನ ಕೇಳಿ ಕೇಳಿ ಸಾಕಾಗಿದೆ ಅಂತ. ಅಷ್ಟು ಗಟ್ಟಿಯಾಗಿ ಹೇಳಿ, ಅದೇ ಉಸಿರಲ್ಲಿ ನಾನು ತುಂಬಾ ಒಂಟಿ ಅಂದುಬಿಡುತ್ತಾಳೆ. ಜೋ ಪಾತ್ರ ಮಾಡಿದ ಸರ್ಶಾ ರೋನನ್ ಧ್ವನಿ ಅಲ್ಲಿ ಒಡೆಯುತ್ತದೆ. ಲಾರಿಗೆ ಪತ್ರವನ್ನೂ ಬರೆದು ಕಾಡಿನ ಪೆಟ್ಟಿಗೆಯಲ್ಲಿ ಹಾಕುತ್ತಾಳೆ. ಅವನು ಏಮಿಯನ್ನು ಮದುವೆಯಾದದ್ದು ಗೊತ್ತಾದ ಮೇಲೆ ತೆಗೆದು ಹರಿದು ಹಾಕುತ್ತಾಳೆ. ಆ ಒಂಟಿತನಕ್ಕೆ ಹಕ್ಕುಸ್ವಾಮ್ಯ ಉತ್ತರವಾ ಶ್ಯಾಮಲಾ? ಮುತ್ತು ಕಟ್ಟುಕಥೆ ಅಂತಾದರೆ, ಆ ಹುಡುಗಿ ರಾತ್ರಿ ಮನೆಗೆ ಹೋಗಿ ಯಾರ ಜೊತೆ ಮಾತಾಡುತ್ತಾಳೆ?

ಶ್ಯಾಮಲಾ
ಅಲ್ಲ, ಉತ್ತರ ಅಲ್ಲ ಸುಮನಾ. ಸಿನಿಮಾ ಹಾಗಂತ ಹೇಳುವುದೂ ಇಲ್ಲ. ಆದರೆ ಅಟ್ಟದ ಆ ಮಾತಿನ ನಂತರ ಅವಳು ಏನು ಮಾಡಿದಳು ನೋಡಿ. ಬೆತ್ ತನಗಾಗಿ ಬರಿ ಅಂದಿದ್ದಳಲ್ಲ, ಬರೆಯಲು ಕೂರುತ್ತಾಳೆ. ಮೇಣದ ಬತ್ತಿ ಕರಗುತ್ತದೆ, ಬಲಗೈ ನೋವಾದರೆ ಪೆನ್ನು ಎಡಗೈಗೆ ಹೋಗುತ್ತದೆ, ಬರೆದ ಹಾಳೆಗಳು ನೆಲದ ತುಂಬಾ ಸಾಲಾಗಿ ಹರಡುತ್ತವೆ. ಬರೆಯುತ್ತಿರುವುದು ಯಾರ ಬಗ್ಗೆ? ತನ್ನ ಅಕ್ಕತಂಗಿಯರ ಬಗ್ಗೆ. ಆ ರಾತ್ರಿಗಳಲ್ಲಿ ಅವಳು ಮಾತಾಡುತ್ತಿದ್ದದ್ದು ಬೆತ್ ಜೊತೆ.

ಸುಮನಾ
ಎಡಗೈ ನಾನು ಗಮನಿಸಿರಲಿಲ್ಲ. ಈಗಲೇ ಹಾಕಿ ನೋಡುತ್ತೇನೆ.