ಅಕ್ಷರವೂ ಬಣ್ಣವೂ ಕೆಡದಂತೆ ಚಿತ್ರಗಳ ಗಾತ್ರ ಇಳಿಸುವುದು ಹೇಗೆ? ಅನುಭವವಿದ್ದವರು ತಿಳಿಸಿ

ಕುಂಬಳೆ ಸಮೀಪದ ಗ್ರಂಥಾಲಯವೊಂದರ ಕಾರ್ಯದರ್ಶಿಯ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಗ್ರಂಥಾಲಯದ ಹಳೆಯ ಕೈಬರಹದ ಪತ್ರಿಕೆಯ ಪುಟಗಳು, ಬಯಲಾಟಗಳ ಫೋಟೋಗಳು, ವಾರ್ಷಿಕೋತ್ಸವಗಳ ಆಮಂತ್ರಣ ಪತ್ರಿಕೆಗಳು ಎಲ್ಲ ಸೇರಿ ಸುಮಾರು 1,800 ಚಿತ್ರಗಳು ಒಂದೇ ಕಂಪ್ಯೂಟರಿನಲ್ಲಿವೆ. ಒಟ್ಟು ಗಾತ್ರ 11 ಜಿಬಿ. ಊರಿನ ಸದಸ್ಯರಿಗೂ ಹೊರಗೆ ನೆಲೆಸಿರುವ ನಮ್ಮವರಿಗೂ ನೋಡಲು ಸಿಗುವಂತೆ ಇವನ್ನು ಗೂಗಲ್ ಡ್ರೈವಿಗೆ ಏರಿಸಬೇಕೆಂದಿದ್ದೇವೆ. ಆದರೆ ಉಚಿತವಾಗಿ ಸಿಗುವ 15 ಜಿಬಿಯಲ್ಲಿ ಇಮೇಲ್ ಕೂಡ ಸೇರಿರುವುದರಿಂದ ಜಾಗ ಸಾಲುತ್ತಿಲ್ಲ. ಎಲ್ಲವನ್ನೂ ಜಿಪ್ ಮಾಡಿ ನೋಡಿದೆ, ಹೆಚ್ಚೇನೂ ಕಡಿಮೆಯಾಗಲಿಲ್ಲ. ಮೊಬೈಲಿನ ಸಂದೇಶ ಸೇವೆಯೊಂದರಲ್ಲಿ ನನಗೆ ನಾನೇ ಕಳುಹಿಸಿ ಇಳಿಸಿಕೊಂಡೆ; ಗಾತ್ರವೇನೋ ಹತ್ತರಲ್ಲಿ ಒಂದು ಪಾಲಿಗೆ ಬಂತು, ಆದರೆ ಕೈಬರಹದ ಪುಟಗಳು ಓದಲು ಬಾರದಂತಾದವು. ಸ್ಮರಣ ಸಂಚಿಕೆ ತರುವ ಯೋಚನೆಯೂ ಇರುವುದರಿಂದ ಮುಂದೆ ಮುದ್ರಣಕ್ಕೂ ಇವೇ ಬೇಕು. ಗುಣಮಟ್ಟ ಕೆಡದಂತೆ ಗಾತ್ರ ಇಳಿಸಲು ತಾವೆಲ್ಲ ಯಾವ ದಾರಿ ಹಿಡಿದಿದ್ದೀರಿ?

ಉಪ್ಪಳದಲ್ಲಿ ಮುದ್ರಣಾಲಯಕ್ಕೆ ಪುಟವಿನ್ಯಾಸ ಮಾಡುವವರು

ಕಾರ್ಯದರ್ಶಿಗಳೇ, ಗಾತ್ರ ಇಳಿಸುವ ಮೊದಲು ಆ 11 ಜಿಬಿಯನ್ನು ಹಾಗೆಯೇ ಎರಡು ಹಾರ್ಡ್ ಡಿಸ್ಕುಗಳಿಗೆ ನಕಲು ಮಾಡಿ, ಒಂದನ್ನು ಗ್ರಂಥಾಲಯದಲ್ಲಿಯೂ ಇನ್ನೊಂದನ್ನು ಸದಸ್ಯರೊಬ್ಬರ ಮನೆಯಲ್ಲಿಯೂ ಇಡಿ. ನಮ್ಮ ಕಡೆಯ ಮಳೆಗಾಲದ ತೇವ ಮತ್ತು ಸಿಡಿಲನ್ನು ನಂಬಿ ಎಲ್ಲವನ್ನೂ ಒಂದೇ ಕಂಪ್ಯೂಟರಿನಲ್ಲಿ ಬಿಡಬಾರದು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಿಂದೊಮ್ಮೆ ಶಾಲೆಯೊಂದರ ಸುವರ್ಣ ಮಹೋತ್ಸವದ ಸಂಚಿಕೆಗೆ ಬಂದ ಫೋಟೋಗಳನ್ನೆಲ್ಲ ನಾನು 800 ಪಿಕ್ಸೆಲ್ (ಚಿತ್ರದ ಚುಕ್ಕಿ) ಅಗಲಕ್ಕೆ ಇಳಿಸಿ ಅದೇ ಹೆಸರಿನಲ್ಲಿ ಉಳಿಸಿಬಿಟ್ಟೆ. ತಿಂಗಳ ಬಳಿಕ ಅದೇ ಫೋಟೋಗಳಲ್ಲಿ ಒಂದನ್ನು ಇಡೀ ಪುಟಕ್ಕೆ ಹಾಕಬೇಕೆಂದು ಕೇಳಿದಾಗ ಕೊಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಆ ಫೋಟೋದಲ್ಲಿದ್ದ ಸ್ಥಾಪಕ ಅಧ್ಯಾಪಕರ ಬೇರೆ ಚಿತ್ರ ಎಲ್ಲಿಯೂ ಸಿಗಲಿಲ್ಲ. ಇಂದಿಗೂ ಅದು ನನ್ನನ್ನು ಕಾಡುತ್ತದೆ.

ಜಿಪ್ ಏಕೆ ಫಲಿಸಲಿಲ್ಲವೆಂದರೆ, ಫೋಟೋಗಳಿರುವ ಜೆಪೆಗ್ ಎಂಬ ರೂಪದ ಕಡತ ಈಗಾಗಲೇ ಸಂಕುಚಿತವಾದುದೇ ಆಗಿದೆ. 4000×3000 ಪಿಕ್ಸೆಲಿನ ಫೋಟೋದಲ್ಲಿ 1 ಕೋಟಿ 20 ಲಕ್ಷ ಚುಕ್ಕಿಗಳಿವೆ; ಚುಕ್ಕಿಯೊಂದಕ್ಕೆ 3 ಬೈಟ್‌ಗಳಂತೆ ಹಾಗೆಯೇ ಬರೆದಿಟ್ಟರೆ 36 ಎಂಬಿ ಆಗುತ್ತದೆ. ಅದನ್ನು ಕ್ಯಾಮೆರಾವೇ 4–5 ಎಂಬಿಗೆ ಇಳಿಸಿ ಕೊಟ್ಟಿರುವಾಗ ಮತ್ತೆ ಹಿಂಡಲು ಜಿಪ್‌ಗೆ ಏನೂ ಸಿಗುವುದಿಲ್ಲ. ಒಂದು ಚುಕ್ಕಿಯನ್ನೂ ಬದಲಿಸದೆ ಜೆಪೆಗ್ ಕಡತದ ಒಳಗಿನ ಜೋಡಣೆಯನ್ನಷ್ಟೇ ಅಚ್ಚುಕಟ್ಟು ಮಾಡುವ ಜೆಪೆಗ್‌ಟ್ರಾನ್ ಎಂಬ ಉಪಕರಣವಿದೆ. ಅದರಿಂದ ನನ್ನ ಕಡತಗಳಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಉಳಿತಾಯವಾಗಿದೆ, ಅದಕ್ಕಿಂತ ಹೆಚ್ಚಿಲ್ಲ. ಆದುದರಿಂದ ಎಳ್ಳಷ್ಟೂ ಬದಲಾಗಬಾರದೆಂದು ಹಟ ಹಿಡಿದರೆ ತಮ್ಮ 11 ಜಿಬಿ 10 ಜಿಬಿ ಆದೀತು, ಅಷ್ಟೇ. ನೋಡುವವರ ಕಣ್ಣಿಗೆ ವ್ಯತ್ಯಾಸ ಕಾಣಬಾರದು ಎಂಬುದನ್ನು ಅಳತೆಗೋಲಾಗಿ ಒಪ್ಪಿಕೊಂಡರೆ ಮಾತ್ರ ದೊಡ್ಡ ಉಳಿತಾಯ ಸಾಧ್ಯ.

ಅದರಲ್ಲಿ ಮುಖ್ಯವಾದುದು ಪಿಕ್ಸೆಲ್‌ಗಳ ಸಂಖ್ಯೆ. ಪರದೆಯ ಮೇಲೆ ನೋಡುವುದಕ್ಕೆ 1920 ಪಿಕ್ಸೆಲ್ ಅಗಲ ಧಾರಾಳವಾಯಿತು. 4000×3000 ಇದ್ದುದನ್ನು 1920×1440 ಮಾಡಿದರೆ ಚುಕ್ಕಿಗಳ ಸಂಖ್ಯೆ ಕಾಲು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಅನಂತರ ಗಿಂಪ್ ಎಂಬ ಉಚಿತ ಚಿತ್ರ ತಂತ್ರಾಂಶದಲ್ಲಿ ಜೆಪೆಗ್ ಆಗಿ ಹೊರತೆಗೆಯುವಾಗ (ಎಕ್ಸ್‌ಪೋರ್ಟ್) ಗುಣಮಟ್ಟದ ಅಂಕಿಯನ್ನು 80ರಿಂದ 85ರ ನಡುವೆ ಇಟ್ಟು ಮುನ್ನೋಟದ ಗುರುತನ್ನು ಒತ್ತಿದರೆ ಚಿತ್ರ ಹೇಗೆ ಕಾಣುತ್ತದೆ, ಗಾತ್ರವೆಷ್ಟು ಎಂಬುದೆರಡೂ ಕಣ್ಣೆದುರೇ ಇರುತ್ತವೆ. ಆ ಅಂಕಿ ಶೇಕಡಾವಾರು ಅಲ್ಲ. 95ರಿಂದ 85ಕ್ಕೆ ಇಳಿದಾಗ ಗಾತ್ರ ಬಹಳ ತಗ್ಗುತ್ತದೆ, ಕಣ್ಣಿಗೆ ಹೆಚ್ಚೇನೂ ತಿಳಿಯುವುದಿಲ್ಲ, ಆದರೆ 60ರ ಕೆಳಗೆ ಹೋದರೆ ಆಕಾಶ, ಗೋಡೆ ಮೊದಲಾದ ನುಣುಪಾದ ಕಡೆಗಳಲ್ಲಿ ಚೌಕಚೌಕವಾಗಿ ಕಲೆಗಳು ಏಳುತ್ತವೆ.

ಮುದ್ರಣಕ್ಕೆ ಲೆಕ್ಕ ಬೇರೆ. ಡೆಮ್ಮಿ 1/8 ಆಕಾರದ ಪುಟ ಸುಮಾರು 5.5×8.5 ಇಂಚು ಇರುವುದರಿಂದ, ಇಂಚಿಗೆ 300 ಚುಕ್ಕಿಗಳಂತೆ ಪುಟ ತುಂಬುವ ಚಿತ್ರಕ್ಕೆ 1650×2550 ಪಿಕ್ಸೆಲ್ ಬೇಕು. ಪಿಕ್ಸೆಲ್‌ಗಳನ್ನು ಹಾಗೆಯೇ ಬಿಟ್ಟು 300 ಡಿಪಿಐ ಎಂಬ ಗುರುತನ್ನು ಮಾತ್ರ 72ಕ್ಕೆ ಬದಲಿಸಿದರೆ ಕಡತದ ಗಾತ್ರ ಇಳಿಯುವುದಿಲ್ಲ. ಅನೇಕರು ಇಲ್ಲಿಯೇ ಎಡವುತ್ತಾರೆ. ಸಂಚಿಕೆಯ ಕೆಲಸಕ್ಕೆ ಮೂಲ ಕಡತಗಳನ್ನೇ ಕೊಡಿ.

ಜೆಪೆಗ್ ಕಡತವನ್ನು ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿಯೇ ಉಳಿಸಿದಾಗಲೆಲ್ಲ ಸ್ವಲ್ಪ ಸ್ವಲ್ಪ ನಷ್ಟವಾಗುತ್ತ ಹೋಗುತ್ತದೆ ಎಂಬುದನ್ನೂ ನೆನಪಿಡಿ. ತಿದ್ದುಪಡಿಗಳನ್ನೆಲ್ಲ ಮೂಲದಿಂದ ಒಮ್ಮೆಯೇ ಮುಗಿಸಿ, ಕೊನೆಗೆ ಒಂದು ಸಲ ಹೊರತೆಗೆಯಿರಿ.

ಬದಿಯಡ್ಕದ ನಿವೃತ್ತ ಕನ್ನಡ ಅಧ್ಯಾಪಿಕೆ

ಮೇಲಿನವರು ಫೋಟೋಗಳ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಕೈಬರಹದ ಪುಟಗಳಿಗೆ ಆ ದಾರಿ ಸಲ್ಲದು. ತಾಳಮದ್ದಳೆಯ ಅರ್ಥಗಾರಿಕೆಗೆಂದು ನಮ್ಮ ತಂದೆಯವರು ಬರೆದಿಟ್ಟುಕೊಂಡ ಟಿಪ್ಪಣಿ ಪುಸ್ತಕಗಳನ್ನು ನಾನು ಸ್ಕ್ಯಾನ್ ಮಾಡಿ, ಜಾಗ ಉಳಿಸಲೆಂದು ಜೆಪೆಗ್‌ನಲ್ಲಿ 40ರ ಗುಣಮಟ್ಟಕ್ಕೆ ಇಳಿಸಿದ್ದೆ. ದೂರದಿಂದ ನೋಡಿದರೆ ಪುಟ ಚೆನ್ನಾಗಿಯೇ ಇತ್ತು. ಓದಲು ಕುಳಿತಾಗ ‘ಠ’ಕಾರದ ಒಳಗಿನ ಚುಕ್ಕಿ ಮಸುಕಾಗಿ ‘ಪಾಠ’ವೆಂಬುದು ‘ಪಾರ’ವಾಗಿತ್ತು, ಮಹಾಪ್ರಾಣದ ಸಣ್ಣ ಗೀರು ಅಳಿಸಿಹೋಗಿ ‘ಧನ’ವೆಂಬುದು ‘ದನ’ವಾಗಿತ್ತು. ಒತ್ತಕ್ಷರಗಳ ಸುತ್ತ ಬೂದು ಬಣ್ಣದ ಧೂಳಿನಂತಹ ಕಲೆ ಹರಡಿತ್ತು. ನಮ್ಮ ಲಿಪಿಯಲ್ಲಿ ಒಂದು ಚುಕ್ಕಿ, ಒಂದು ಗೀರು ಪದವನ್ನೇ ಬದಲಿಸುವುದರಿಂದ ಕೈಬರಹದ ಕನ್ನಡಕ್ಕೆ ಜೆಪೆಗ್ ತಕ್ಕುದಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಪುಣ್ಯಕ್ಕೆ ಪುಸ್ತಕಗಳು ಮನೆಯಲ್ಲಿಯೇ ಇದ್ದುದರಿಂದ ಮತ್ತೊಮ್ಮೆ 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದೆ. ಹಾಳೆಯ ಹಿಂಬದಿಯ ಶಾಯಿ ಮುಂಬದಿಗೆ ಕಾಣುತ್ತಿದ್ದಲ್ಲಿ ಹಿಂದೆ ಕಪ್ಪು ಕಾಗದವನ್ನಿಟ್ಟಾಗ ಅದು ಬಹುಮಟ್ಟಿಗೆ ಮರೆಯಾಯಿತು. ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿ ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಒದಗಿಸುವ ಉಬುಂಟು ಆಧಾರಿತ ವ್ಯವಸ್ಥೆಯೊಂದಿಗೆ ಗಿಂಪ್ ಬರುವುದರಿಂದ ನನಗೆ ಅದರ ಪರಿಚಯವಿತ್ತು. ಚಿತ್ರವನ್ನು ಬೂದು ಛಾಯೆಗೆ ತಂದು, ಲೆವೆಲ್ಸ್ ಎಂಬ ಸಾಧನದಿಂದ ಹಳದಿಗಟ್ಟಿದ ಕಾಗದದ ಹಿನ್ನೆಲೆಯನ್ನು ಬಿಳಿಗೆ ಏರಿಸಿ, ಇಂಡೆಕ್ಸ್ಡ್ ಎಂಬ ವಿಧಾನದಲ್ಲಿ 16 ಛಾಯೆಗಳಿಗೆ ಇಳಿಸಿ, ಪಿಎನ್‌ಜಿ ಎಂಬ ಇನ್ನೊಂದು ಚಿತ್ರರೂಪದಲ್ಲಿ ಹೊರತೆಗೆದೆ. ಪಿಎನ್‌ಜಿಯಲ್ಲಿ ಸಂಕುಚನದಿಂದ ನಷ್ಟವೇ ಇಲ್ಲ. ಇಲ್ಲಿ ಬಿಟ್ಟುಕೊಡುವುದು ನಾವಾಗಿಯೇ ಆರಿಸಿದ ಛಾಯೆಗಳನ್ನು ಮಾತ್ರ. ಕಾಗದದ ನಾರು, ಕಲೆಗಳೆಲ್ಲ ಹೋಗಿ ಹಿನ್ನೆಲೆ ಒಂದೇ ಬಿಳಿಯಾದಾಗ ಗಾತ್ರ ಇಳಿಯುವುದನ್ನು ಕಂಡು ನನಗೇ ಆಶ್ಚರ್ಯವಾಯಿತು: ಬಣ್ಣದಲ್ಲಿ 11 ಎಂಬಿ ಇದ್ದ ಪುಟ 1 ಎಂಬಿಗಿಂತ ಕೆಳಗೆ ಬಂತು, ಅಕ್ಷರ ಮೊದಲಿಗಿಂತಲೂ ಸ್ಪಷ್ಟವಾಯಿತು.

ಆದರೆ ಆ ಹಳದಿಯೂ ಕಲೆಯೂ ಪುಸ್ತಕದ ಆಯುಸ್ಸನ್ನು ಹೇಳುವಂಥವು. ಬಣ್ಣದ ಮೂಲ ಸ್ಕ್ಯಾನನ್ನು ಅಳಿಸಬೇಡಿ.

ಉಪ್ಪಳದವರು ಮತ್ತೆ ಬರೆದುದು

ಟೀಚರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಪುಟಗಳನ್ನು ಪಿಡಿಎಫ್ ಮಾಡುವಾಗ ಕೆಲವು ತಂತ್ರಾಂಶಗಳು ಜೆಬಿಗ್2 ಎಂಬ ವಿಧಾನವನ್ನು ಬಳಸುತ್ತವೆ. ಅದರ ನಷ್ಟಸಹಿತ ಬಗೆಯಲ್ಲಿ, ನೋಡಲು ಒಂದೇ ತರಹದ ಎರಡು ಅಕ್ಷರಗಳಿದ್ದರೆ ಒಂದರ ಚಿತ್ರವನ್ನೇ ಎರಡೂ ಕಡೆ ಹಾಕುವ ಅಪಾಯವಿದೆ. 2013ರಲ್ಲಿ ಜರ್ಮನಿಯಲ್ಲಿ ಕಟ್ಟಡವೊಂದರ ನಕ್ಷೆಯನ್ನು ಸ್ಕ್ಯಾನ್ ಮಾಡಿದಾಗ ಕೋಣೆಗಳ ಅಳತೆಯ ಅಂಕಿಗಳೇ ಬದಲಾಗಿಬಂದುದಕ್ಕೆ ಇದೇ ಕಾರಣವಾಗಿತ್ತು. ಮಸುಕಾದರೆ ಓದುವವರಿಗೆ ಸಂದೇಹವಾದರೂ ಬರುತ್ತದೆ. ಇಲ್ಲಿ ತಪ್ಪು ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ರ–ಠ, ದ–ಧ ಇರುವ ನಮ್ಮ ಪುಟಗಳಲ್ಲಿ ಆ ಆಯ್ಕೆಯನ್ನು ಬಳಸಲೇಬಾರದು.

ಪೈವಳಿಕೆಯ ಫೋಟೋಗ್ರಾಫರ್

ಆಟದ ಫೋಟೋಗಳ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ರಾತ್ರಿಯ ರಂಗಸ್ಥಳದಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 6400ಕ್ಕೆ ಏರಿಸಿ ತೆಗೆದ ಫೋಟೋ ಹಗಲಿನ ಫೋಟೋಕ್ಕಿಂತ ದೊಡ್ಡ ಕಡತವಾಗುತ್ತದೆ. ಜೆಪೆಗ್ ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದು ಚೌಕದಲ್ಲಿಯೂ ನಿಧಾನವಾಗಿ ಬದಲಾಗುವ ಅಂಶವನ್ನು ಉಳಿಸಿ ಕಣ್ಣಿಗೆ ಸುಲಭವಾಗಿ ಕಾಣದ ಅತಿ ಸೂಕ್ಷ್ಮ ಏರಿಳಿತವನ್ನು ಬಿಡುತ್ತದೆ. ಕತ್ತಲೆಯಲ್ಲಿ ಹುಟ್ಟುವ ಕಾಳುಕಾಳಾದ ನಾಯ್ಸ್ ಎಲ್ಲವೂ ಸೂಕ್ಷ್ಮ ಏರಿಳಿತವೇ ಆಗಿರುವುದರಿಂದ, ಏನನ್ನೂ ಹೇಳದ ಆ ಕಾಳುಗಳನ್ನು ಬರೆದಿಡುವುದಕ್ಕೇ ಅರ್ಧ ಜಾಗ ಹೋಗುತ್ತದೆ. ಹಿನ್ನೆಲೆಯ ಕತ್ತಲೆಯ ಭಾಗದಲ್ಲಿ ನಾಯ್ಸನ್ನು ಹದವಾಗಿ ತೆಗೆದು ಅನಂತರ ಹೊರತೆಗೆದರೆ ಅದೇ ಗುಣಮಟ್ಟದ ಅಂಕಿಯಲ್ಲಿ ಗಾತ್ರ ಗಣನೀಯವಾಗಿ ಇಳಿಯುತ್ತದೆ. ವೇಷಧಾರಿಯ ಮುಖದ ಮೇಲೆ ಮಾತ್ರ ಇದನ್ನು ಮಾಡಬೇಡಿ. ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟಿನಿಂದ ಇಡುವ ಚುಟ್ಟಿಯ ಒಂದೊಂದು ಮೊನೆಯನ್ನೂ ಗಂಟೆಗಟ್ಟಲೆ ಕುಳಿತು ಇಟ್ಟಿರುತ್ತಾರೆ, ಅದು ನುಣುಪಾಗಿ ಹಿಟ್ಟು ಬಳಿದಂತೆ ಕಂಡರೆ ಫೋಟೋ ತೆಗೆದೂ ಪ್ರಯೋಜನವಿಲ್ಲ.

ಜೆಪೆಗ್‌ನ ಈ ವಿಂಗಡಣೆಗೆ ಆಧಾರವಾದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತವನ್ನು ಬೆಂಗಳೂರಿನಲ್ಲಿ ಹುಟ್ಟಿ ಅಲ್ಲಿಯೇ ಇಂಜಿನಿಯರಿಂಗ್ ಓದಿದ ನಾಸಿರ್ ಅಹ್ಮದ್ ಅವರು ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ 1974ರಲ್ಲಿ ಪ್ರಕಟಿಸಿದರು; 1992ರ ಜೆಪೆಗ್ ಮಾನಕ ನಿಂತಿರುವುದು ಅದರ ಮೇಲೆ. ನಮ್ಮ ಮಕ್ಕಳಿಗೆ ಇದನ್ನು ಹೇಳಬೇಕೆಂದು ನನಗೆ ಯಾವಾಗಲೂ ಅನಿಸುತ್ತದೆ.

ಇನ್ನೊಂದು ತೊಡಕು ಕೆಂಪು ಬಣ್ಣದ್ದು. ಗಾತ್ರ ಉಳಿಸಲು ಜೆಪೆಗ್ ಬೆಳಕನ್ನು ಪ್ರತಿ ಚುಕ್ಕಿಗೂ ಬರೆದಿಟ್ಟು, ಬಣ್ಣವನ್ನು ನಾಲ್ಕು ಚುಕ್ಕಿಗಳಿಗೆ ಒಂದರಂತೆ ಬರೆಯಬಲ್ಲುದು. ಇದಕ್ಕೆ 4:2:0 ಎನ್ನುತ್ತಾರೆ. ಹಸಿರು ತೋಟದ ಫೋಟೋದಲ್ಲಿ ಇದು ತಿಳಿಯುವುದೇ ಇಲ್ಲ. ಕಪ್ಪು ಹಿನ್ನೆಲೆಯ ಮುಂದೆ ಕೆಂಪು ದಗಲೆ ತೊಟ್ಟು ನಿಂತ ವೇಷದಲ್ಲಿ ಅಥವಾ ತೆಯ್ಯಂನ ಮುಖವರ್ಣಿಕೆಯಲ್ಲಿ ಕೆಂಪಿನ ಅಂಚು ಕದಡಿದಂತೆ ಕಾಣುತ್ತದೆ. ಅಂತಹ ಫೋಟೋಗಳನ್ನು ಹೊರತೆಗೆಯುವಾಗ ಗಿಂಪ್‌ನ ಹೆಚ್ಚಿನ ಆಯ್ಕೆಗಳಲ್ಲಿ 4:4:4 ಎಂಬುದನ್ನು ಆರಿಸಿ, ಗುಣಮಟ್ಟವನ್ನು 88–90ಕ್ಕೆ ಇಡಿ. ಕಡತ ಸ್ವಲ್ಪ ದೊಡ್ಡದಾಗುತ್ತದೆ, ಆಗಲಿ.

ಕೇರಳದ ಅಕ್ಷಯ ಇ-ಸೇವಾ ಕೇಂದ್ರವೊಂದರಲ್ಲಿ ಕೆಲಸ ಮಾಡುವವರು

ಆಮಂತ್ರಣ ಪತ್ರಿಕೆಗಳಂತಹ, ಒಂದೇ ಬಣ್ಣದ ಬಯಲಿನ ಮೇಲೆ ಅಕ್ಷರವಿರುವ ಚಿತ್ರಗಳ ಬಣ್ಣಗಳ ಸಂಖ್ಯೆಯನ್ನು 256ಕ್ಕೆ ಇಳಿಸಿ ಪಿಎನ್‌ಜಿ ಮಾಡಿದರೆ ಸಾಕಾಗುತ್ತದೆ. ಹಂಚುವ ಮೊದಲು ಅವುಗಳಲ್ಲಿ ಜನರ ಮನೆ ವಿಳಾಸ, ದೂರವಾಣಿ ಸಂಖ್ಯೆಗಳಿವೆಯೇ ಎಂದು ನೋಡಿ. ಫೋನಿನಲ್ಲಿ ತೆಗೆದ ಫೋಟೋದ ಕಡತದೊಳಗೆ ಅಡಗಿರುವ ಎಕ್ಸಿಫ್ ಎಂಬ ಮಾಹಿತಿಯಲ್ಲಿ ತೆಗೆದ ಸ್ಥಳವೂ ಸೇರಿರಬಹುದು. ಹೊರತೆಗೆಯುವಾಗ ಅದನ್ನು ಬಿಟ್ಟರೆ ಕೆಲವು ಕೆಬಿಗಳೂ ಉಳಿಯುತ್ತವೆ. ಗಾತ್ರ ಇಳಿಸಿಕೊಡುವ ಜಾಲತಾಣಗಳು ಸುಲಭವೆಂದು ಗುರುತುಚೀಟಿ, ಅಂಕಪಟ್ಟಿಗಳನ್ನು ಅಲ್ಲಿಗೆ ಏರಿಸುವವರನ್ನು ದಿನವೂ ನೋಡುತ್ತೇನೆ. ಅಂತಹ ದಾಖಲೆಗಳನ್ನು ತಮ್ಮ ಕಂಪ್ಯೂಟರಿನೊಳಗೇ ಇಳಿಸಿಕೊಳ್ಳಬೇಕು.

ಮಹಾರಾಷ್ಟ್ರದ ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಯ ಶಿಕ್ಷಕರು

1,800 ಚಿತ್ರಗಳನ್ನು ಒಂದೊಂದಾಗಿ ತೆರೆಯಲು ಆಗುವುದಿಲ್ಲವಾದ್ದರಿಂದ ಫೋಟೋ, ಬರಹ, ಆಮಂತ್ರಣ ಎಂದು ಮೂರು ಫೋಲ್ಡರ್ ಮಾಡಿ, ಎಕ್ಸ್‌ಎನ್‌ಕನ್ವರ್ಟ್‌ನಂತಹ ತಂತ್ರಾಂಶದಲ್ಲಿ ಒಂದೊಂದು ಫೋಲ್ಡರಿಗೆ ತಕ್ಕ ಹದವನ್ನು ಒಮ್ಮೆ ಹೊಂದಿಸಿ ಓಡಿಸಿರಿ. ನಾನು ಇಮೇಜ್‌ಮ್ಯಾಜಿಕ್ ಬಳಸುತ್ತೇನೆ. ಅದರ ಮೊಗ್ರಿಫೈ ಎಂಬ ಆಜ್ಞೆಗೆ ಬೇರೆ ಫೋಲ್ಡರಿನ ದಾರಿ ಕೊಡದಿದ್ದರೆ ಅದು ಮೂಲ ಕಡತದ ಮೇಲೆಯೇ ಬರೆಯುತ್ತದೆ. ಶಾಲೆಯ ಪ್ರವಾಸದ ಇನ್ನೂರು ಫೋಟೋಗಳನ್ನು ನಾನು ಹೀಗೆ ಚಿಕ್ಕದು ಮಾಡಿ ಕಳೆದುಕೊಂಡಿದ್ದೇನೆ. ಮೊದಲು ಹತ್ತು ಚಿತ್ರಗಳ ಮೇಲೆ ಪ್ರಯೋಗಿಸಿ, ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿ, ಆಮೇಲೆ ಉಳಿದವನ್ನು ಮಾಡಿರಿ. ಗೂಗಲ್ 2010ರಲ್ಲಿ ತಂದ ವೆಬ್‌ಪಿ ಎಂಬ ಚಿತ್ರರೂಪ ಇನ್ನೂ ಚಿಕ್ಕ ಕಡತ ಕೊಡುತ್ತದೆ. ಆದರೆ ನಮ್ಮ ಕಡೆಯ ಹಳೆಯ ಕಂಪ್ಯೂಟರುಗಳಲ್ಲಿ ಅದು ತೆರೆಯದೇ ಇದ್ದುದರಿಂದ ಹಂಚುವುದಕ್ಕೆ ನಾನು ಜೆಪೆಗ್‌ನಲ್ಲಿಯೇ ಉಳಿದೆ.

ಕಾರ್ಯದರ್ಶಿಯ ಉತ್ತರ, ಮೂರು ವಾರಗಳ ಬಳಿಕ

ಎಲ್ಲರಿಗೂ ಕೃತಜ್ಞತೆಗಳು. ಮೂಲಗಳನ್ನು ಎರಡು ಡಿಸ್ಕುಗಳಲ್ಲಿ ಭದ್ರಪಡಿಸಿದೆವು. 1,150 ಫೋಟೋಗಳು 1920 ಪಿಕ್ಸೆಲಿಗೆ ಇಳಿದು ಸುಮಾರು 550 ಎಂಬಿ ಆದವು. ಬಣ್ಣದ ವೇಷದ ಫೋಟೋಗಳಿಗೆ ಮಾತ್ರ 4:4:4 ಇಟ್ಟೆವು. ಕೈಬರಹದ 500 ಪುಟಗಳು 16 ಛಾಯೆಯ ಪಿಎನ್‌ಜಿಯಲ್ಲಿ 450 ಎಂಬಿ, ಆಮಂತ್ರಣ ಪತ್ರಿಕೆಗಳು 45 ಎಂಬಿ. ಒಟ್ಟಿನಲ್ಲಿ 11 ಜಿಬಿ ಇದ್ದುದು 1 ಜಿಬಿಗಿಂತ ತುಸು ಹೆಚ್ಚಿನಲ್ಲಿ ಬಂದು ನಿಂತಿದೆ. ಪೆನ್ಸಿಲಿನಲ್ಲಿ ಬರೆದ 23 ಪುಟಗಳ ತೆಳುವಾದ ಗೆರೆಗಳು 16 ಛಾಯೆಯಲ್ಲಿ ಕಡಿದುಹೋಗುತ್ತಿದ್ದುದರಿಂದ ಅವುಗಳ ಛಾಯೆಯನ್ನು ಇಳಿಸದೆ ಪೂರ್ಣ ಬೂದು ಬಣ್ಣದಲ್ಲಿಯೇ ಬಿಟ್ಟಿದ್ದೇವೆ. ಹಾಗಿದ್ದರೂ ಅವುಗಳಲ್ಲಿ ಕೆಲವು ಸಾಲುಗಳನ್ನು ನಮಗೆ ಓದಲಾಗುತ್ತಿಲ್ಲ.

ಬದಿಯಡ್ಕದ ಅಧ್ಯಾಪಿಕೆ

ಆ 23 ಪುಟಗಳ ಬಣ್ಣದ ಮೂಲವನ್ನು ನನಗೆ ಕಳುಹಿಸಿರಿ, ಓದಿ ನಕಲು ಮಾಡಿಕೊಡುತ್ತೇನೆ. ಮೊಬೈಲಿನ ಸಂದೇಶ ಸೇವೆಯಲ್ಲಿ ಫೋಟೋ ಆಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ದಾರಿಯಲ್ಲಿ ಕುಗ್ಗದೆ ಬರುತ್ತದೆ.